ಎತೆರಿಯ ಉಗ್ರಾಣ

ಕುತಾಯಿಸಿಯಲ್ಲಿ ಎರಡಕ್ಕೂ ಒಂದೇ ಹೆಸರು:
ಆ ದ್ರವಕ್ಕೂ, ಅದನ್ನು ಕಾಯುವ ಹೆಂಗಸಿಗೂ.
ಎತೆರಿ.
ಮೊದಲ ದಿನವೇ ವಖುಷ್ತಿ ಕಿಸಕ್ಕನೆ ನಕ್ಕಿದ್ದ:
"ಎತೆರಿ ಬೇಕು ಅಂದರೆ ಯಾರು ಬರುತ್ತಾರೆ?"
ಅವಳು ನಗಲಿಲ್ಲ. ಎಡಗೈಯ ತೋಳು ಮಡಚಿದಳು.
ಮಣಿಕಟ್ಟಿನಿಂದ ಮೊಣಕೈವರೆಗೆ
ಆರಿದ ಹಾಲಿನ ಕೆನೆಯಂತೆ ಸುಕ್ಕುಗಟ್ಟಿದ ಚರ್ಮ.
"ಒಮ್ಮೆ ಅವಳೇ ಬಂದಿದ್ದಳು," ಎಂದಳು. "ಈಗ ಕಿಟಕಿ ತೆಗಿ."

ನನ್ನ ಅಂಗೈ ಮೇಲೊಂದು ಹನಿ ಬಿಟ್ಟಳು.
ಚುರ್ ಎನ್ನುವ ತಣ್ಣಗೆ, ಆಮೇಲೆ ಏನೂ ಇಲ್ಲ.
"ಎಲ್ಲಿ ಹೋಯಿತು?"
ಮೇಲೆ, ಎಂದೆ. ಆವಿ ಇನ್ನೆಲ್ಲಿಗೆ ಹೋದೀತು.
ಅವಳು ನೆಲ ತೋರಿಸಿದಳು.
"ಗಾಳಿಗಿಂತ ಭಾರ ಇದು. ಮೇಜಿನಂಚು ದಾಟಿ ಇಳಿಯುತ್ತದೆ,
ನೆಲಕ್ಕೆ ಹೊಟ್ಟೆ ತಾಗಿಸಿ ತೆವಳುತ್ತದೆ,
ಮೂಲೆ ಮೂಲೆ ಮೂಸುತ್ತದೆ.
ಎಲ್ಲೋ ಒಂದು ಕಿಡಿ ಸಿಕ್ಕಿತೋ,
ಬಂದ ದಾರಿಯಲ್ಲೇ ಓಡೋಡಿ ಮನೆಗೆ ಬರುತ್ತದೆ,
ಬರಿಗೈಯಲ್ಲಲ್ಲ."

ಉಣ್ಣೆಯ ಸ್ವೆಟರು ಹೊರಗೇ ಕಳಚಿ ಬಾ, ಅದಕ್ಕೂ ಕಿಡಿಯುಂಟು.
ಮನೆಯಲ್ಲಿಡುವಂಥ ಫ್ರಿಜ್ಜಿನಲ್ಲಿ ಇಡಬೇಡ,
ಅದರ ಹೊಟ್ಟೆಯೊಳಗೆ ಏನೋ ಟಿಕ್ ಎನ್ನುತ್ತಿರುತ್ತದೆ.
ಕೆಂಪಗಿಲ್ಲವೆಂದು ಬಿಸಿತಟ್ಟೆಯನ್ನು ನಂಬಬೇಡ.
ವಾಸನೆ ಬಂದರೆ ದೀಪದ ಗುಂಡಿ ಮುಟ್ಟಬೇಡ, ಹಾಕಲೂ ಆರಿಸಲೂ.
ಬಟ್ಟಿ ಇಳಿಸುವಾಗ ತಳ ಕಾಣಬಾರದು, ಎಂದಿಗೂ.
ಎಲ್ಲವನ್ನೂ ಬಯ್ಯುವ ದನಿಯಲ್ಲೇ ಹೇಳುತ್ತಿದ್ದಳು,
ಆಮೇಲೆ ವಾಲ್ನಟ್ ತಿನ್ನಲು ಕೊಡುತ್ತಿದ್ದಳು, ಹೊರಗೆ ಮೆಟ್ಟಿಲ ಮೇಲೆ.

ಆ ಚಳಿಗಾಲ ನಾವು ಕಂಡಿದ್ದಲ್ಲ.
ವಾರಗಟ್ಟಲೆ ಕರೆಂಟಿಲ್ಲದ ಊರು,
ಪ್ರಯೋಗಶಾಲೆಯಲ್ಲೂ ಕೋಟು, ಟೋಪಿ, ಬಾಯಲ್ಲಿ ಹೊಗೆ.
ಓತಿಯಾ ಎಂಬ ಹುಡುಗ ಮೇಣದ ಬತ್ತಿ ಹಚ್ಚಿದ್ದು
ಆರು ಮಾರು ಆಚೆ, ಬಾಗಿಲ ಹತ್ತಿರ,
ಕೈ ಬಿಸಿ ಮಾಡಿಕೊಳ್ಳಲು, ಅಷ್ಟೇ.
ಈಚೆಯ ಮೇಜಿನ ಮೇಲೆ ಬಿರಡೆ ಸಡಿಲವಾದ ಸೀಸೆ.
ಎತೆರಿ ನಬದಿ ಹೊದಿಸಿ ಅವನನ್ನು ನೆಲಕ್ಕೆ ಕೆಡವಿದಳಂತೆ.
ಕೇಳಿದರೆ ಹೇಳುವುದು ಇಷ್ಟೇ:
"ಮೊದಲು ನೀಲಿ. ತೆಳ್ಳಗೆ, ನೆಲದ ಮೇಲೆ.
ಚೆಂದ ಇತ್ತು."

ಮಾರ್ಚಿಯಲ್ಲಿ ದಾಸ್ತಾನು ಎಣಿಕೆ.
ಕೆಳಗಿನ ಗೂಡು, ಸುಣ್ಣದ ಡಬ್ಬಿಗಳ ಹಿಂದೆ,
ಕಂದು ಬಣ್ಣದ ಒಂದು ಸೀಸೆ, ಅರ್ಧ ತುಂಬಿದ್ದು.
ಕುತ್ತಿಗೆಯ ಸುತ್ತ ಬಿಳಿ ಹರಳು,
ಹಳೆಯ ಜೇನಿನ ಅಂಚಿಗೆ ಸಕ್ಕರೆ ಕಟ್ಟಿದಂತೆ.
ಮ್ಜೆವಿನಾರ್ ಕೈ ಚಾಚಿದಳು, ಮುಚ್ಚಳ ತಿರುಗಿಸಿ ನೋಡಲು.
"ಕೈ ತೆಗಿ."
ಎತೆರಿ ಅಷ್ಟು ಮೆಲ್ಲಗೆ ಮಾತಾಡಿದ್ದು ಅದೇ ಮೊದಲು.
"ಹಾಗೇ ಹಿಂದಕ್ಕೆ ಬಾ. ಗೂಡು ಅಲುಗದಿರಲಿ."

ತಿರುಪಿನ ಸಂದಿಯಲ್ಲಿ ಹರಳಿದ್ದರೆ
ತಿರುಗಿಸುವ ಉಜ್ಜಾಟವೇ ಸಾಕು, ಬೆಂಕಿಯ ಹಂಗಿಲ್ಲ.
ಗಾಳಿಯನ್ನು ಗುಟುಕು ಗುಟುಕಾಗಿ ಕುಡಿದು
ಇಪ್ಪತ್ತು ವರ್ಷ ಕತ್ತಲಲ್ಲಿ ಕೂತಿತ್ತು ಅದು.
ಚೀಟಿಯ ಮೇಲೆ ತೆರೆದ ದಿನಾಂಕ,
ಆ ಚಳಿಗಾಲದ್ದೇ. ದುಂಡಗಿನ ಅಕ್ಷರ,
ನಮ್ಮ ರಿಜಿಸ್ಟರಿನ ತುಂಬ ಇರುವಂಥದೇ.

ಕಟ್ಟಡ ಖಾಲಿ ಮಾಡಿಸಿ ಮೆಟ್ಟಿಲ ಮೇಲೆ ಕೂತಳು.
"ಇನ್ನು ಸಿಗುವುದಿಲ್ಲ ಅಂದುಕೊಂಡಿದ್ದೆವು," ಎಂದಳು,
ನಾನು ಏನೂ ಕೇಳಿರಲಿಲ್ಲ.
"ಏನೂ ಸಿಗುವುದಿಲ್ಲ ಅಂತ. ಅದಕ್ಕೇ ಬಚ್ಚಿಟ್ಟೆ."
ವಾಲ್ನಟ್ ಒಡೆಯಲು ಕಲ್ಲೆತ್ತಿದವಳು
ಕೆಳಗಿಟ್ಟಳು.

ಸೈನಿಕರು ಬಂದರು, ಮರಳು ತುಂಬಿದ ಪೆಟ್ಟಿಗೆ ತಂದರು,
ಮಗುವನ್ನು ಹೊರುವವರಂತೆ ಹೊತ್ತರು.
ಸಂಜೆ ರಿಯೋನಿ ಹೊಳೆಯಾಚೆ, ಕಲ್ಲುಗಣಿಯಲ್ಲಿ,
ಧಡ್ ಎಂದು ಒಂದೇ ಸದ್ದು.
ಚಾವಣಿಯ ಪಾರಿವಾಳಗಳೆಲ್ಲ ಎದ್ದು
ಮತ್ತೆ ಅಲ್ಲೇ ಕೂತವು.

ಮರುದಿನ ರಿಜಿಸ್ಟರಿನಲ್ಲಿ ಕಂಡೆ:
ಎತೆರಿ. ಅರ್ಧ ಲೀಟರು. ಖರ್ಚು.
ಕಾರಣದ ಅಂಕಣದಲ್ಲಿ ಏನೋ ಬರೆದು ಹೊಡೆದುಹಾಕಿ
ಪಕ್ಕದಲ್ಲಿ: ಉಳಿಸಿದ್ದು.

ಈಗ ನಾನು ಮನೆಯ ತ್ಕೆಮಾಲಿ ಸೀಸೆಗೂ
ತೆರೆದ ತಾರೀಖು ಬರೆದು ಅಂಟಿಸುತ್ತೇನೆ.
ಹುಳಿಪ್ಲಮ್ಮಿನ ಗೊಜ್ಜು ಯಾರನ್ನು ಕೊಲ್ಲುತ್ತದೆಯೇ
ಎಂದು ಬಯ್ಯುತ್ತಾಳೆ ಅಮ್ಮ.
ಬಯ್ಯಲಿ. ಕಿಟಕಿ ತೆಗೆಯುತ್ತೇನೆ.